ಬೂದಿಯಲ್ಲಿ ಸಿಕ್ಕ ಹಸಿರು ಕಿಟ್ಟ

ಬೂದಿಯ ಡ್ರಮ್ಮಿನೊಳಗೆ ಮೊಣಕೈತನಕ ಕೈ ಇಳಿಸಿದ್ದ ಸಬ್ ಇನ್‌ಸ್ಪೆಕ್ಟರ್ ಮುನಿಲಕ್ಷ್ಮಿಯ ಬೆರಳಿಗೆ ಏನೋ ಗಟ್ಟಿಯಾದದ್ದು ತಗುಲಿತು.

ಹೊರಗೆ ತೆಗೆದಳು. ನಿಂಬೆಹಣ್ಣಿನ ಗಾತ್ರದ ಒಂದು ತುಂಡು. ಒಂದು ಪಕ್ಕ ಕಲ್ಲಿನಂತೆ ಒರಟು, ಇನ್ನೊಂದು ಪಕ್ಕ ಬಾಟಲಿ ಗಾಜಿನಂತೆ ನುಣುಪು. ಬಿಸಿಲಿಗೆ ಹಿಡಿದಾಗ ಒಳಗೆಲ್ಲೋ ಹಸಿರು ಮಿನುಗಿತು.

ಮತ್ತೆ ಕೈ ಹಾಕಿದಳು. ಇನ್ನೊಂದು ಸಿಕ್ಕಿತು. ಮತ್ತೊಂದು. ಹತ್ತು ನಿಮಿಷದಲ್ಲಿ ನೆಲಕ್ಕೆ ಹಾಸಿದ ಗೋಣಿಯ ಮೇಲೆ ಹದಿನಾಲ್ಕು ತುಂಡುಗಳಿದ್ದವು.

ಸೋಮವಾರ ಬೆಳಿಗ್ಗೆ ಜಕ್ಕನಹಳ್ಳಿಯ ಕಟ್ಟಿಗೆ ಕರೆಂಟಿನ ಘಟಕದಲ್ಲಿ ಬೆಂಕಿ ಭುಗಿಲೆದ್ದು ಆಪರೇಟರ್ ಪುಟ್ಟಪ್ಪನ ಮುಖ ಕೈ ಸುಟ್ಟಿದ್ದವು. ಕಟ್ಟಿಗೆಯಲ್ಲಿ ಕಲ್ಲುಕ್ವಾರಿಯ ಸಿಡಿಮದ್ದು ಬೆರೆಸಿದನೆಂಬ ಆರೋಪದ ಮೇಲೆ ಕುರಿ ಸಾಕುವ ಮಹದೇವ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ.

ಇವತ್ತು ಬುಧವಾರ. ಸಂಜೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಶುಕ್ರವಾರ ಘಟಕ ಕಟ್ಟಿಸಿದ ಸಂಸ್ಥೆಯ ನಾಲ್ಕು ಜನ ಡೆನ್ಮಾರ್ಕಿನಿಂದ ಬರುವವರಿದ್ದರು. ಪಾಲಕೋಡಿನ ಸುತ್ತ ಇನ್ನೂ ಹತ್ತು ಊರುಗಳಿಗೆ ಇಂಥದೇ ಘಟಕ ಹಾಕುವ ಒಪ್ಪಂದಕ್ಕೆ ಅವರ ಸಹಿ ಬೀಳಬೇಕಿತ್ತು.

ಮುನಿಲಕ್ಷ್ಮಿ ಧರ್ಮಪುರಿಯ ಮಹಿಳಾ ಠಾಣೆಯವಳು. ಈ ಕೇಸಿಗೂ ಅವಳಿಗೂ ನೇರ ಸಂಬಂಧವಿರಲಿಲ್ಲ. ಊರು ತಮಿಳು ಸೀಮೆಯದಾದರೂ ಊರವರು ಆಡುವುದು ಕನ್ನಡ, ತನಿಖೆ ಮಾಡುವ ಇನ್‌ಸ್ಪೆಕ್ಟರ್ ಶಿವರಾಮನ್ ತಿರುನೆಲ್ವೇಲಿ ಕಡೆಯವರು. ಅವರಿಗೆ ಒಂದಕ್ಷರ ಕನ್ನಡ ಬಾರದು. ಜನ ಹೇಳಿದ್ದನ್ನು ತಮಿಳಿಗೆ ತಿರುಗಿಸಿ ಹೇಳಲು ಅವಳನ್ನು ಮೂರು ದಿನಕ್ಕೆ ಎರವಲು ಕರೆಸಿಕೊಂಡಿದ್ದರು. ಬೂದಿ ಕೆದಕು ಎಂದು ಯಾರೂ ಹೇಳಿರಲಿಲ್ಲ.

ಆದರೆ ಅವಳಿಗೆ ಒಂದು ಸಂಗತಿ ಕೊರೆಯುತ್ತಿತ್ತು. ಮದ್ದು ಸಿಡಿದಿದ್ದರೆ ಒಲೆಯ ಉಕ್ಕಿನ ಮೈ ಸೀಳಬೇಕಿತ್ತು. ಅದು ಎಲ್ಲೂ ಸೀಳಿರಲಿಲ್ಲ. ಮೇಲಿನ ಮುಚ್ಚಳವೊಂದೇ ತೆರೆದು ಬಿದ್ದಿತ್ತು.

ಎರಡಾಳೆತ್ತರದ ಉಕ್ಕಿನ ಒಲೆ ಅದು. ಮೇಲಿನಿಂದ ಕಟ್ಟಿಗೆ ತುಂಡು ಸುರಿದು, ಉಸಿರು ಕಟ್ಟಿಸಿದಂತೆ ಅರೆಗಾಳಿಯಲ್ಲಿ ಉರಿಸಿದರೆ ಉರಿಯುವಂಥ ಅನಿಲ ಹೊರಡುತ್ತದೆ. ಆ ಅನಿಲ ಎಂಜಿನ್ ಓಡಿಸುತ್ತದೆ, ಎಂಜಿನ್ ಕರೆಂಟ್ ಕೊಡುತ್ತದೆ. ಹತ್ತು ತಿಂಗಳಿಂದ ಜಕ್ಕನಹಳ್ಳಿಯ ನೂರಿಪ್ಪತ್ತು ಮನೆಗೆ ದೀಪ, ಎರಡು ಬಾವಿಗೆ ಪಂಪು ಅದರಿಂದಲೇ ನಡೆದಿತ್ತು.

ಘಟಕದ ಮ್ಯಾನೇಜರ್ ಪಳನಿಸ್ವಾಮಿ ಹತ್ತಿರ ಬಂದು ಗೋಣಿಯತ್ತ ಬಗ್ಗಿ ನೋಡಿದ. ಕಟ್ಟಿಗೆಗೆ ಅಂಟಿದ ಮಣ್ಣು ಕರಗಿ ಹಾಗಾಗಿರುತ್ತದೆ, ಅದರಲ್ಲೇನೂ ಇಲ್ಲ ಎಂದ. ಒಂದು ತುಂಡನ್ನು ಎತ್ತಿ ಬೇಲಿಯಾಚೆ ಎಸೆದ. ಇಷ್ಟು ಸಲೀಸಾಗಿ ಎಸೆದದ್ದು ಅವಳಿಗೆ ಹಿಡಿಸಲಿಲ್ಲ. ಉಳಿದ ಹದಿಮೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಪಳನಿಸ್ವಾಮಿಯ ಕೈಯಲ್ಲಿ ಎರಡು ಅಧಿಕಾರಗಳಿದ್ದವು. ಕಟ್ಟಿಗೆ ಶೆಡ್ಡಿನ ಬೀಗದ ಕೈ ಅವನದು. ಊರ ಹೊರಗಿನ ನೂರು ಎಕರೆ ಸೀಮೆಜಾಲಿ ತೋಟದ ಉಸ್ತುವಾರಿಯೂ ಅವನದು. ಒಲೆಗೆ ಕಟ್ಟಿಗೆ ಬೇಕೆಂದು ಬೆಳೆಸಿದ ಆ ತೋಟ ಮೊದಲು ಕುರಿ ಮೇಯುವ ಬಯಲಾಗಿತ್ತು. ಅದಕ್ಕೆ ತಂತಿ ಬೇಲಿ ಬಿದ್ದಾಗ ಊರ ಸಭೆಯಲ್ಲಿ ಎದ್ದು ನಿಂತು ಕೂಗಾಡಿದವನು ಮಹದೇವ. ಭಾನುವಾರ ಸಂಜೆ ಶೆಡ್ಡಿನ ಹತ್ತಿರ ಮೂಟೆ ಹೊತ್ತು ಸುಳಿದಾಡಿದವನೂ ಅವನೇ. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಮೂಟೆಯಲ್ಲಿ ಏನಿತ್ತೆಂದು ಕೇಳಿದರೆ ಅವನು ಬಾಯಿ ಬಿಟ್ಟಿರಲಿಲ್ಲ.

ಗೇಟಿನ ಹೊರಗೆ ಬೇವಿನ ಮರದಡಿ ಅವನ ತಾಯಿ ಗುಂಡಮ್ಮ ನಿನ್ನೆಯಿಂದ ಕೂತಿದ್ದಳು. ಠಾಣೆಯವರು ಒಳಗೆ ಬಿಡಲಿಲ್ಲವೆಂದು ಮಗನ ಮೇಲೆ ಆರೋಪ ಬಂದ ಜಾಗಕ್ಕೇ ಬಂದು ಕೂತಿದ್ದಳು. ಮುನಿಲಕ್ಷ್ಮಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಕರವಸ್ತ್ರ ಬಿಚ್ಚಿದಳು.

"ಇದೇನಂತ ಗೊತ್ತಾ ಅಮ್ಮಾ?"

ಗುಂಡಮ್ಮ ಒಂದು ತುಂಡನ್ನು ಅಂಗೈಯಲ್ಲಿಟ್ಟು ತೂಗಿದಳು. "ಕಿಟ್ಟ ಅಲ್ವಾ ತಾಯಿ ಇದು. ನಂಜಯ್ಯನ ಆಲೆಮನೆ ಒಲೇಲಿ ದಿನಾ ಕೆರ್ದು ಆಚೆ ಆಕ್ತಾರೆ. ಇಲ್ಲಿಗ್ಯಾಕೆ ಬಂತು?"

ಅದೇ ಪ್ರಶ್ನೆ ಹೊತ್ತು ಮುನಿಲಕ್ಷ್ಮಿ ಗದ್ದೆಯ ಬದುವಿನ ಮೇಲೆ ನಡೆದಳು.

ಕಬ್ಬಿನ ಕಟಾವಿನ ಕಾಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಎಪ್ಪತ್ತು ದಾಟಿದ ನಂಜಯ್ಯ ಒಲೆಯ ಬಾಯಿಗೆ ಕಬ್ಬಿನ ಒಣ ಸೋಗೆಯನ್ನು ಕವೆಗೋಲಿನಿಂದ ತಳ್ಳುತ್ತಿದ್ದ. ತುಂಡನ್ನು ನೋಡಿದವನೇ ಒಲೆಯ ಪಕ್ಕದ ಗುಡ್ಡೆಯಿಂದ ಅಂಥದೇ ಒಂದನ್ನು ಆರಿಸಿ ಅವಳ ಕೈಗಿಟ್ಟ. ಎರಡನ್ನೂ ಅಕ್ಕಪಕ್ಕ ಹಿಡಿದರೆ ಒಂದೇ ಗರ್ಭದವು ಎನ್ನುವಂತಿದ್ದವು.

"ಕಟ್ಟಿಗೆ ಉರಿಸಿದ್ರೆ ಇದು ಕಟ್ಟಲ್ಲಮ್ಮಾ," ಎಂದ ಮುದುಕ. "ಸೋಗೆ ಉರಿಸಿದ್ರೆ ಕಟ್ತೈತೆ. ದಿನಕ್ಕೆರಡು ಸಲ ಕೆರೀದಿದ್ರೆ ಒಲೆ ಉಸ್ರಾಡಲ್ಲ."

ಒಲೆ ಉಸಿರಾಡುವುದಿಲ್ಲ. ಅವಳು ಆ ಮಾತನ್ನೇ ಹಿಡಿದು ನಿಂತಳು.

ಹಾಗಾದರೆ ಸೋಮವಾರ ಆದದ್ದು ಇಷ್ಟೇ. ದೊಡ್ಡ ಒಲೆಯಲ್ಲಿ ಯಾರೋ ಕಬ್ಬಿನ ಸೋಗೆ ಉರಿಸಿದ್ದರು. ಕಿಟ್ಟ ಕಟ್ಟಿ ಕೆಳಗಿನ ಜಾಲರಿ ಮುಚ್ಚಿತು. ಎಂಜಿನ್ ನಿಂತಿತು. ಏನಾಯಿತೆಂದು ನೋಡಲು ಪುಟ್ಟಪ್ಪ ಮೇಲಿನ ಮುಚ್ಚಳ ತೆರೆದ. ಒಳಗೆ ಕಟ್ಟಿಕೊಂಡಿದ್ದ ಬಿಸಿ ಅನಿಲಕ್ಕೆ ಹೊರಗಿನ ಗಾಳಿ ಸೇರಿ ಭುಗಿಲೆಂದು ಮುಖಕ್ಕೆ ಹೊಡೆಯಿತು. ಮದ್ದೂ ಇಲ್ಲ, ಕ್ವಾರಿಯೂ ಇಲ್ಲ.

ಆದರೆ ಹಗುರವಾದ ಸೋಗೆಯನ್ನು ಆ ಒಲೆಗೆ ಹಾಗೇ ತುರುಕಲು ಆಗದು. ಅದಕ್ಕೆ ಮುಷ್ಟಿಗಾತ್ರದ ಗಟ್ಟಿ ತುಂಡೇ ಬೇಕು.

ನಂಜಯ್ಯನಲ್ಲಿ ಅದಕ್ಕೂ ಅರ್ಧ ಉತ್ತರವಿತ್ತು. ತಿಂಗಳಿಂದ ಗದ್ದೆಗಳಲ್ಲಿ ಸೋಗೆ ಮಾಯವಾಗುತ್ತಿದೆಯಂತೆ. ಮೊದಲೆಲ್ಲ ಕೇಳುವವರಿಲ್ಲದೆ ಬಿದ್ದಿರುತ್ತಿದ್ದದ್ದು ಈಗ ಬೆಳಗಾಗುವುದರೊಳಗೆ ಕಟ್ಟು ಕಟ್ಟಿ ಹೋಗಿರುತ್ತದೆಯಂತೆ. ಬಿಳಿಯರ ಬಂಗಲೆಯ ಹಿಂದಿನ ಕೊಠಡಿಯಲ್ಲಿ ಎಂಥದೋ ಮಿಷನ್ನು ಗುಡುಗುಡು ಎನ್ನುವುದನ್ನು ಅವನು ಕೇಳಿದ್ದ. ಮೊರಪ್ಪೂರಿನ ರೈಲ್ವೆ ಗೂಡ್ಸ್ ಶೆಡ್ಡಿನಿಂದ ಮರದ ಪೆಟ್ಟಿಗೆಯಲ್ಲಿ ಬಂದ ಮಿಷನ್ನು. ಹೀಗೇ ಆದರೆ ಮುಂದಿನ ವರ್ಷ ತನ್ನ ಕೊಪ್ಪರಿಗೆ ಆರಿಹೋಗುತ್ತದೆ ಎಂದು ಹೇಳುವಾಗ ಮುದುಕನ ದನಿಯಲ್ಲಿ ಸಿಟ್ಟಿತ್ತು. ಮುನಿಲಕ್ಷ್ಮಿ ಅದನ್ನೂ ಗಮನಿಸಿದಳು.

ಬಿಳಿಯರ ಬಂಗಲೆ ಎಂದರೆ ಪಾಲಕೋಡಿನಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ಯೆನ್ಸ್ ಹೋಲ್ಮ್ ಇದ್ದ ಬಾಡಿಗೆ ಮನೆ. ಐವತ್ತೈದರ ಎತ್ತರದ ಮನುಷ್ಯ, ಮಾತು ಕಡಿಮೆ. ಊರವರ ಬಾಯಲ್ಲಿ ಯೆನ್ಸಪ್ಪ. ಘಟಕದ ಉದ್ಘಾಟನೆಯ ದಿನ ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಳನಿಸ್ವಾಮಿ ತಮಿಳಿಗೆ ತಿರುಗಿಸಿದ್ದ. ತನ್ನ ಅಪ್ಪ ಚಳಿಗಾಲವಿಡೀ ಗೋಧಿಯ ಹುಲ್ಲು ಉರಿಸಿಯೇ ಮನೆ ಬೆಚ್ಚಗಿಡುತ್ತಿದ್ದ ಎಂದಿದ್ದನಂತೆ. ಊರಿನಲ್ಲಿ ಎಲ್ಲರಿಗೂ ಆ ಮಾತು ಗೊತ್ತಿತ್ತು.

ಹುಲ್ಲು ಉರಿಸಿ ಬೆಳೆದವನಿಗೆ ಕಿಟ್ಟದ ಪರಿಚಯ ಇಲ್ಲದಿರುತ್ತದೆಯೇ? ಸೋಮವಾರ ಬೂದಿಯನ್ನು ಮೊದಲು ಕೆದಕಿ ನೋಡಿದವನೇ ಅವನು. ಪೊಲೀಸರಿಗೆ ಒಂದು ಮಾತೂ ಹೇಳಿರಲಿಲ್ಲ.

ಅವಳು ಬಂಗಲೆ ತಲುಪಿದಾಗ ಯೆನ್ಸ್ ಜೀಪಿನ ಸ್ಟೀರಿಂಗ್ ಹಿಡಿದಿದ್ದ. ಸೇಲಂ ಆಸ್ಪತ್ರೆಗೆ, ಪುಟ್ಟಪ್ಪನನ್ನು ನೋಡಲು ಹೊರಟಿದ್ದ. ತಾನೂ ಬರುತ್ತೇನೆಂದು ಮುನಿಲಕ್ಷ್ಮಿ ಪಕ್ಕದ ಸೀಟು ಹತ್ತಿದಳು. ಅವನು ಬೇಡವೆನ್ನಲಿಲ್ಲ.

ಧರ್ಮಪುರಿ ದಾಟಿದರು. ಅವಳಿಗೆ ಕಾಲೇಜಿನ ಇಂಗ್ಲಿಷು ಇತ್ತು, ನಿಧಾನಕ್ಕೆ ಆಡಿದರೆ ಸಾಕಾಗುತ್ತಿತ್ತು. ದಾರಿಯ ಎರಡೂ ಬದಿಯ ಹೊಲಗಳನ್ನು ತೋರಿಸುತ್ತ ಅವನು ಒಂದೆರಡು ಮಾತಾಡಿದ. ಸುಗ್ಗಿ ಮುಗಿದ ಮೇಲೆ ಇಲ್ಲಿ ಜನ ಸುಮ್ಮನೆ ಸುಟ್ಟುಬಿಡುವ ಕಸದಲ್ಲಿ ಒಂದು ಪಟ್ಟಣಕ್ಕಾಗುವಷ್ಟು ಬೆಳಕಿದೆ ಎಂದ. ಹೇಳುವಾಗ ಕಣ್ಣು ಹೊಳೆಯಿತು.

ತೊಪ್ಪೂರು ಘಾಟಿನ ಇಳಿಜಾರಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಹಿಂದೆ ಸಾಲು ಬೆಳೆದಿತ್ತು. ರಸ್ತೆ ಬದಿಯ ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು. ಮುನಿಲಕ್ಷ್ಮಿ ಕರವಸ್ತ್ರದ ಗಂಟನ್ನು ಅವರ ನಡುವೆ ಇಟ್ಟು ಬಿಚ್ಚಿದಳು.

ಯೆನ್ಸ್ ತುಂಡುಗಳನ್ನು ಮುಟ್ಟಲಿಲ್ಲ. ನೋಡಿದ ಅಷ್ಟೇ.

"ನಿಮ್ಮ ಊರಿನಲ್ಲಿ ಇದಕ್ಕೆ ಏನಂತೀರಿ?" ಎಂದು ಕೇಳಿದಳು.

ಅವನು ತನ್ನ ಭಾಷೆಯ ಒಂದು ಪದ ಹೇಳಿದ. ಅವಳಿಗೆ ಅರ್ಥವಾಗಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಸೋಮವಾರವೇ ನೋಡಿದಿರಿ."

"ನೋಡಿದೆ."

"ಸೋಗೆಯದು ಅಂತ ಗೊತ್ತಾಯಿತು."

"ನೋಡಿದ ಕೂಡಲೇ."

ಟೀ ಬಂತು. ಇಬ್ಬರೂ ಮುಟ್ಟಲಿಲ್ಲ. ಒಮ್ಮೆ ಶುರುವಾದ ಮೇಲೆ ಅವನು ನಿಲ್ಲಿಸದೆ ಹೇಳಿದ.

ಮಿಷನ್ನು ಅವನದೇ. ಸೋಗೆಯನ್ನು ಪುಡಿ ಮಾಡಿ, ಒತ್ತಿ, ಬಿಲ್ಲೆ ತೆಗೆಯುವ ಮಿಷನ್ನು. ಒಪ್ಪಂದದ ಕಾಗದದಲ್ಲಿ ತೋಟದ ಕಟ್ಟಿಗೆ ಮಾತ್ರ ಉರಿಸಬೇಕೆಂದಿತ್ತು. ಹತ್ತು ಊರಿಗೆ ಹತ್ತು ಘಟಕ ಬಂದರೆ ಊರಿಗೆ ನೂರು ಎಕರೆಯಂತೆ ಸಾವಿರ ಎಕರೆ ಬಯಲಿಗೆ ಬೇಲಿ ಬೀಳುತ್ತದೆ, ಅಷ್ಟೂ ಕುರಿಯವರು ಬೀದಿಗೆ ಬರುತ್ತಾರೆ. ಇದನ್ನು ಅವನಿಗೆ ಮೊದಲು ಹೇಳಿದವನು ಮಹದೇವ. ಸಭೆಯಲ್ಲಿ ಕೂಗಾಡಿದ ಮರುದಿನ ಅವನೇ ಬಂಗಲೆಗೆ ಬಂದು, ಕೈಸನ್ನೆಯಲ್ಲಿ ಅರ್ಧ, ಯೆನ್ಸಿಗೆ ಅರ್ಥವಾಗುವ ಅಷ್ಟಿಷ್ಟು ತಮಿಳಿನಲ್ಲಿ ಅರ್ಧ, ಗದ್ದೆಯ ಸೋಗೆಯನ್ನು ಯಾಕೆ ಉರಿಸಬಾರದು ಎಂದು ಕೇಳಿದ್ದ. ಅಲ್ಲಿಂದ ಇಬ್ಬರೂ ಸೇರಿಕೊಂಡರು. ಸೋಗೆ ತರುವುದು ಮಹದೇವ, ಬಿಲ್ಲೆ ಒತ್ತುವುದು ಯೆನ್ಸ್, ಉರಿಸಿ ನೋಡುವುದು ಪುಟ್ಟಪ್ಪ. ಶುಕ್ರವಾರ ತನ್ನ ಮೇಲಿನವರು ಬಂದಾಗ ಲೆಕ್ಕಪಟ್ಟಿಯ ಸಮೇತ ತೋರಿಸಿ, ಬಯಲು ಬಿಟ್ಟುಬಿಡಿ, ಕಸ ಸಾಕು ಎನ್ನುವುದು ಅವನ ಯೋಚನೆ. ಅಲ್ಲಿಯತನಕ ಯಾರಿಗೂ ಹೇಳಕೂಡದೆಂದು ಮೂವರೂ ಮಾತು ಕೊಟ್ಟುಕೊಂಡಿದ್ದರು.

ಹೀಗಾಗಿ ಮಹದೇವ ಬಾಯಿ ಬಿಟ್ಟಿರಲಿಲ್ಲ.

ಠಾಣೆಯಲ್ಲಿ ಮಂಡಿಯ ನಡುವೆ ತಲೆ ಹುದುಗಿಸಿ ಕೂತ ಮಹದೇವನ ಚಿತ್ರ ಮುನಿಲಕ್ಷ್ಮಿಯ ಕಣ್ಣ ಮುಂದಿತ್ತು.

"ನಿಮಗೆ ಕೊಟ್ಟ ಮಾತಿಗಾಗಿ ಅವನು ಲಾಕಪ್ಪಿನಲ್ಲಿ ಕೂತಿದ್ದಾನೆ," ಎಂದಳು. "ಅವನ ತಾಯಿ ಬೇವಿನ ಮರದಡಿ ಕೂತಿದ್ದಾಳೆ. ನೀವು ಎರಡು ದಿನ ಸುಮ್ಮನಿದ್ದಿರಿ."

ಯೆನ್ಸಿನ ಮುಖ ಕೆಂಪಾಯಿತು. ನಿಜ ಹೇಳಿದರೆ ತನ್ನನ್ನು ವಾಪಸ್ ಕರೆಸಿಕೊಳ್ಳುತ್ತಾರೆ, ಹತ್ತು ಊರಿನ ಕೆಲಸವೂ ನಿಲ್ಲುತ್ತದೆ ಎಂದು ಹೆದರಿದೆನೆಂದ. ಸಾಕ್ಷಿ ಇಲ್ಲದೆ ಪೊಲೀಸರು ತಾವಾಗಿಯೇ ಮಹದೇವನನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದನಂತೆ. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗುತ್ತಿದೆ ಎಂದೂ ಹೇಳಿದ.

ಅವಳು ಚೀಲದಿಂದ ಕಾಗದ, ಪೆನ್ನು ತೆಗೆದು ಬೆಂಚಿನ ಮೇಲಿಟ್ಟಳು. ಅವನು ಬರೆದ. ಎರಡು ಪುಟ, ಕೆಳಗೆ ಸಹಿ. ಮದ್ದಿನ ಕತೆ ಅಲ್ಲಿಗೆ ಮುಗಿಯಿತು. ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಇದನ್ನಿಟ್ಟರೆ ಮಹದೇವ ಮನೆಗೆ ಹೋಗಬಹುದು.

ಕಾಗದ ಮಡಚುವಾಗ ಅವನು ಅವಳ ಕೈ ತಡೆದ.

"ಇನ್ನೊಂದಿದೆ. ಅದನ್ನು ಬರೆದಿಲ್ಲ, ಯಾಕೆಂದರೆ ನನಗೇ ಅರ್ಥವಾಗುತ್ತಿಲ್ಲ. ನಾವು ಹಾಕುತ್ತಿದ್ದದ್ದು ಹತ್ತು ಪಾಲು ಕಟ್ಟಿಗೆಗೆ ಒಂದು ಪಾಲು ಬಿಲ್ಲೆ. ಹದಿನೈದು ದಿನ ಹಾಗೇ ಉರಿಸಿದೆವು. ಒಂದು ಕಾಳಿನಷ್ಟೂ ಕಿಟ್ಟ ಕಟ್ಟಲಿಲ್ಲ."

ಮುನಿಲಕ್ಷ್ಮಿ ಕರವಸ್ತ್ರದ ಕಡೆ ನೋಡಿದಳು. ಹದಿಮೂರು ತುಂಡು. ಬೂದಿಯ ತಳದಲ್ಲಿ ಇನ್ನೆಷ್ಟೋ.

"ಇಷ್ಟು ಕಟ್ಟಬೇಕಾದರೆ?"

"ಒಲೆಯ ತುಂಬ ಬರೀ ಬಿಲ್ಲೆ ಇರಬೇಕು. ಕಟ್ಟಿಗೆಯೇ ಇರಬಾರದು. ಪುಟ್ಟಪ್ಪ ಹಾಗೆ ಮಾಡುವವನಲ್ಲ."

ಮುಂದೆ ಲಾರಿ ಸರಿಯಿತು. ಹಿಂದಿನ ಗಾಡಿಗಳು ಹಾರ್ನ್ ಒತ್ತತೊಡಗಿದವು.

ಉಳಿದ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಎರಡು ಹೆಸರು ತಿರುಗುತ್ತಿದ್ದವು. ಬಿಲ್ಲೆ ಗೆದ್ದರೆ ಪಳನಿಸ್ವಾಮಿಯ ತೋಟಕ್ಕೆ ಕೆಲಸವಿಲ್ಲ. ಬಿಲ್ಲೆ ಗೆದ್ದರೆ ನಂಜಯ್ಯನ ಒಲೆಗೆ ಸೋಗೆಯಿಲ್ಲ. ಒಬ್ಬನ ಬಳಿ ಶೆಡ್ಡಿನ ಬೀಗದ ಕೈ ಇತ್ತು. ಇನ್ನೊಬ್ಬನಿಗೆ ಸೋಗೆ ಹೆಚ್ಚಾದರೆ ಒಲೆಗೆ ಏನಾಗುತ್ತದೆಂದು ಐವತ್ತು ವರ್ಷದಿಂದ ಗೊತ್ತಿತ್ತು. ಆದರೆ ಇಬ್ಬರಲ್ಲಿ ಯಾರೂ ಮೇಲೆ ಹತ್ತಿ ಒಲೆ ತುಂಬಿರಲಿಲ್ಲ. ತುಂಬಿದವನು ಪುಟ್ಟಪ್ಪ.

ಸೇಲಂ ಆಸ್ಪತ್ರೆಯ ಎರಡನೇ ಮಹಡಿಯ ಕಾರಿಡಾರಿನಲ್ಲಿ ಇನ್‌ಸ್ಪೆಕ್ಟರ್ ಶಿವರಾಮನ್ ಡಾಕ್ಟರ ವರದಿಗಾಗಿ ಕಾಯುತ್ತಿದ್ದರು. ಯೆನ್ಸಿನ ಹೇಳಿಕೆಯನ್ನು ಓದಿ, ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. ಬೈಯುತ್ತಾರೆಂದು ಅವಳು ಕಾದಿದ್ದಳು. ಅವರು ಬೈಯಲಿಲ್ಲ. ಮಹದೇವನ ವಿಷಯ ತಾನೇ ನೋಡಿಕೊಳ್ಳುತ್ತೇನೆ ಎಂದು ಪಾಲಕೋಡಿಗೆ ಫೋನು ಮಾಡಲು ಹೊರಟರು. ಹೋಗುವ ಮುಂಚೆ ಕಂದು ಕಾಗದದ ಒಂದು ಪೊಟ್ಟಣವನ್ನು ಅವಳ ಕೈಗಿತ್ತರು.

ಸೋಮವಾರ ಪುಟ್ಟಪ್ಪನ ಮೈಮೇಲಿದ್ದ ಅಂಗಿ. ಜೇಬಿನಲ್ಲಿ ಒಂದು ಚೀಟಿ ಇದೆ, ನಿಮ್ಮ ಭಾಷೆಯಲ್ಲಿದೆ, ಪುಟ್ಟಪ್ಪನಿಗೆ ಈಗ ಮಾತು ಬಂದಿದೆ, ಓದಿ ಕೇಳಿ ನೋಡಮ್ಮಾ ಎಂದರು.

ಪುಟ್ಟಪ್ಪನ ಮುಖದ ತುಂಬ ಬ್ಯಾಂಡೇಜು. ಕಣ್ಣು, ಬಾಯಿ ಮಾತ್ರ ಕಾಣುತ್ತಿದ್ದವು. ಎರಡೂ ಕೈಗಳನ್ನು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ಮಗ್ಗುಲಲ್ಲಿ ಅವನ ಹೆಂಡತಿ ಸಿದ್ದಲಕ್ಷ್ಮಮ್ಮ ಸ್ಟೂಲಿನ ಮೇಲೆ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಯೆನ್ಸ್ ಬಾಗಿಲಲ್ಲೇ ನಿಂತ.

ಮುನಿಲಕ್ಷ್ಮಿ ಪೊಟ್ಟಣದಿಂದ ಅಂಗಿ ತೆಗೆದು ಹಾಸಿಗೆಯ ತುದಿಯಲ್ಲಿ ಹರಡಿದಳು. ಜೇಬಿನಲ್ಲಿದ್ದ ಚೀಟಿಯನ್ನು ಬಿಡಿಸಿದಳು. ಚಿಕ್ಕಂದಿನಲ್ಲಿ ಎರಡು ವರ್ಷ ಕೊಳ್ಳೇಗಾಲದ ಅತ್ತೆ ಮನೆಯಲ್ಲಿದ್ದು ಕಲಿತ ಅಕ್ಷರ, ನಿಧಾನಕ್ಕೆ ಓದಿದಳು.

"ಹತ್ತು ಪಾಲು ಕಟ್ಟಿಗೆಗೆ ಒಂದು ಪಾಲು ಬಿಲ್ಲೆ ಹಾಕು. ಹೆಚ್ಚು ಹಾಕಬೇಡ. ನಾನು ನಾಳೆ ಕುರಿಯ ಜೊತೆ ಹೋಗುತ್ತೇನೆ. ಮಹದೇವ."

ಅದೇ ಅಳತೆ. ಬಾಗಿಲಲ್ಲಿ ನಿಂತ ಯೆನ್ಸಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ತಲೆಯಾಡಿಸಿದ.

ಹಾಗಾದರೆ ತಪ್ಪು ಪುಟ್ಟಪ್ಪನದೇ? ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಬರೀ ಬಿಲ್ಲೆ ಯಾಕೆ ತುಂಬಿದೆ ಎಂದು ಮೆಲ್ಲಗೆ ಕೇಳಿದಳು.

ಪುಟ್ಟಪ್ಪನ ಕಣ್ಣು ಅರಳಿತು. ಮಾತು ತಡೆತಡೆದು ಬಂತು. "ಕಟ್ಗೆ ಬ್ಯಾಡ, ಬರೀ ಬಿಲ್ಲೆ ಆಕು ಅಂತಲ್ವಾ ಇದ್ದದ್ದು. ಅದ್ಕೇ ಆಕ್ದೆ. ನಂದು ತಮಿಳು ಇಸ್ಕೂಲು ಮೇಡಂ, ಕನ್ನಡ ಓದಾಕೆ ಬರಲ್ಲ. ಯಾವತ್ತೂ ಓದಿ ಹೇಳೋದು ಇವಳೇ."

ಎಲ್ಲರ ನೋಟವೂ ಸಿದ್ದಲಕ್ಷ್ಮಮ್ಮನ ಕಡೆ ತಿರುಗಿತು.

ಅವಳು ಆನೇಕಲ್ ಕಡೆಯಿಂದ ಮದುವೆಯಾಗಿ ಬಂದವಳು, ಐದನೇ ತರಗತಿ ತನಕ ಕನ್ನಡ ಶಾಲೆಯಲ್ಲಿ ಓದಿದವಳು. ಗಂಜಿಯ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಚೀಟಿ ಇಸಿದುಕೊಂಡಳು. ಗಂಡನ ಮುಖ ಸುಟ್ಟದ್ದು ತಾನು ಓದಿದ ಮಾತಿನಿಂದ ಎಂದು ಅವಳಿಗೆ ಆಗಷ್ಟೇ ತಿಳಿಯಿತೋ ಏನೋ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಓದಿ ಮುಗಿಸಿ ತಲೆಯೆತ್ತಿದಳು.

"ಇದು ಆ ಚೀಟಿ ಅಲ್ಲ," ಎಂದಳು.

ಮುನಿಲಕ್ಷ್ಮಿ ಅವಳ ಪಕ್ಕಕ್ಕೆ ಬಂದಳು.

"ಇದು ಮಹದೇವಣ್ಣಂದು. ಅಣ್ಣನ ಅಕ್ಷರ ಒಳ್ಳೇ ಮುತ್ತಿನಂಗೆ ಐತೆ, ನಂಗೊತ್ತು. ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಿಗೆ ಸಿಕ್ಕಿಸಿದ್ದು ಬೇರೆ. ಸೊಟ್ಟ ಸೊಟ್ಟ ಇತ್ತು. ನಾವು ಬಾಯಲ್ಲಿ ಆಡ್ದಂಗೇ ಬರ್ದಿದ್ರು, ‘ಹಾಕು’ ಅನ್ನೋ ಕಡೆ ‘ಆಕು’ ಅಂತಿತ್ತು. ಅವಸರದಲ್ಲಿ ಬರ್ದವ್ನೆ ಅಂದ್ಕೊಂಡು ಓದ್ದೆ. ಓದಿ ಇವರ ಜೇಬಿಗೆ ನಾನೇ ಇಟ್ಟೆ."

ಮುನಿಲಕ್ಷ್ಮಿ ಅಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎದೆಯ ಮೇಲಿನ ಜೇಬಿನ ಬಟ್ಟೆ ಸುಟ್ಟು ಕರಿಕಾಗಿ, ನಡುವೆ ಎರಡು ಬೆರಳು ಹೋಗುವಷ್ಟು ತೂತಾಗಿತ್ತು. ಅದೇ ಜೇಬಿನಿಂದ ತಾನು ಈಗಷ್ಟೇ ತೆಗೆದ ಚೀಟಿಯನ್ನು ಸಿದ್ದಲಕ್ಷ್ಮಮ್ಮನಿಂದ ವಾಪಸ್ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿದಳು. ಕಾಗದ ಬೆಳ್ಳಗಿತ್ತು. ಒಂದು ಮೂಲೆಯೂ ಕಂದಿರಲಿಲ್ಲ.

ಸೋಮವಾರ ಬೆಂಕಿ ಭುಗಿಲೆದ್ದಾಗ ಈ ಕಾಗದ ಆ ಜೇಬಿನಲ್ಲಿ ಇರಲಿಲ್ಲ. ಮಹದೇವ ಬರೆದ ಇದನ್ನು ಯಾರೋ ಬಾಗಿಲಿನಿಂದ ಕಿತ್ತು ಸುಳ್ಳು ಚೀಟಿ ಸಿಕ್ಕಿಸಿದ್ದರು; ಅದು ಸುಟ್ಟ ಮೇಲೆ ಜೇಬಿನಿಂದ ತೆಗೆದು ಇದನ್ನು ಇಟ್ಟಿದ್ದರು.

ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಫೋನು ಮುಗಿಸಿ ಶಿವರಾಮನ್ ಬಂದು ಯೆನ್ಸಿನ ಪಕ್ಕ ನಿಂತರು. ಮಹದೇವನನ್ನು ಬಿಡುಗಡೆ ಮಾಡುವ ಏರ್ಪಾಡಾಗಿದೆ, ಪೊಟ್ಟಣ ವಾಪಸ್ ಕೊಡಮ್ಮಾ ಎಂದು ಕೈ ನೀಡಿದರು.

ಮುನಿಲಕ್ಷ್ಮಿ ಅಂಗಿಯ ಮೇಲಿನ ಕೈ ತೆಗೆಯಲಿಲ್ಲ.

"ಸಾರ್, ಸೋಮವಾರದಿಂದ ಇದನ್ನ ಬೇರೆ ಯಾರಾದ್ರೂ ಬಿಚ್ಚಿದ್ರಾ?" ಎಂದು ತಮಿಳಿನಲ್ಲಿ ಕೇಳಿದಳು.

"ಇಲ್ಲಮ್ಮಾ," ಎಂದರು ಶಿವರಾಮನ್, ನೀಡಿದ ಕೈ ಹಾಗೇ ಇಟ್ಟುಕೊಂಡು. "ಒಲೆಯ ಹತ್ತಿರ ಅಂಗಿ ಕತ್ತರಿಸಿ ತೆಗೆದು ಸೀಲ್ ಹಾಕಿದ್ದು ನಾನು. ಇವತ್ತು ಬಿಚ್ಚಿದ್ದೂ ನಾನೇ."

ಮುನಿಲಕ್ಷ್ಮಿ ಆ ಕೈಯನ್ನೇ ನೋಡಿದಳು: ಸುಟ್ಟ ಜೇಬನ್ನು ಮುಟ್ಟಿದ್ದು ಅದೊಂದೇ.